ಜಕರೀಯನ ಮೌನ

ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಧೂಪವರ್ಪಿಸಲು ದೇವಾಲಯದೊಳಗೆ ಹೋದ ವೃದ್ಧ ಯಾಜಕ ಜಕರೀಯನು ಮೂಕನಾಗಿ ಹೊರಬರುತ್ತಾನೆ. ಮಗ ಹುಟ್ಟುವನೆಂಬ ದೇವದೂತನ ಮಾತನ್ನು ನಂಬದಿದ್ದುದಕ್ಕೆ ಇದು ಶಿಕ್ಷೆ ಎಂಬುದು ರೂಢಿಯ ಓದು. ಕಥನವೂ ಅದಕ್ಕೆ ಎಡೆಕೊಡುತ್ತದೆ. ಅಷ್ಟಕ್ಕೇ ನಿಲ್ಲುವುದು ಸಾಲದೆಂದು ನನಗೆ ತೋರುತ್ತದೆ.

ಜೈನರ ವಚನಗುಪ್ತಿಯು ಸಾಧಕನು ತಾನಾಗಿ ಕೈಗೊಂಡ ಸಂಯಮ, ಕರ್ಮಾಸ್ರವವನ್ನು ತಡೆಯುವ ಸಂವರದ ಅಂಗ. ಜಕರೀಯನದು ಮೇಲಿನಿಂದ ಬಂದೆರಗಿದ ಮೌನ. ಎರಡನ್ನೂ ‘ಮೌನಸಾಧನೆ’ ಎಂದು ಒಂದೇ ತಕ್ಕಡಿಯಲ್ಲಿ ತೂಗುವ ತೌಲನಿಕ ಅಧ್ಯಯನ ಈ ಭೇದವನ್ನೇ ಮರೆಸುತ್ತದೆ. ಜಕರೀಯನಿಗೆ ಉಳಿದದ್ದು ಕಾಯುವುದೊಂದೇ. ಎಲಿಸಬೇತಳ ಗರ್ಭದೊಡನೆ ಆ ಮೌನವೂ ಬೆಳೆಯಿತು. ಮಗು ಹುಟ್ಟಿದಾಗಲೂ ಬಿಚ್ಚದಿದ್ದ ನಾಲಿಗೆ 8ನೆಯ ದಿನ ಬಿಚ್ಚಿತು: ಬಂಧುಗಳು ಮಗುವಿಗೆ ತಂದೆಯ ಹೆಸರನ್ನೇ ಇಡಹೊರಟಾಗ, ಅವನು ಹಲಗೆಯನ್ನು ಕೇಳಿ ತರಿಸಿಕೊಂಡು, ತನ್ನ ಹೆಸರನ್ನು ಬಿಟ್ಟು ಯೋಹಾನನೆಂದು ಬರೆದ ಮೇಲೆ.