ಎಸಿ ಕಚೇರಿಯಲ್ಲಿ ಸ್ವೆಟರ್ ಏಕೆ ಬೇಕು?

ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಏಪ್ರಿಲ್‌ನ ಉರಿಬಿಸಿಲಲ್ಲೂ ಕುರ್ಚಿಗಳ ಬೆನ್ನಿಗೆ ಸ್ವೆಟರ್ ನೇತಾಡುತ್ತಿರುತ್ತದೆ. ಹೊರಗಿನ ಬೇಗೆ ತಪ್ಪಿಸಲು ವಿದ್ಯುತ್ ಸುರಿದು, ಆ ವಿದ್ಯುತ್ ತಂದ ಚಳಿ ತಪ್ಪಿಸಲು ಉಣ್ಣೆ ಹೊದೆಯುವ ಸ್ಥಿತಿ ಇದು. ನೌಕರರ ಹಿತ ಬೇಕೆಂದರೆ ವಿದ್ಯುತ್ ಬಿಲ್ ಏರಲೇಬೇಕು ಎಂಬ ನಂಬಿಕೆ ಇಲ್ಲಿಯೇ ಸುಳ್ಳಾಗುತ್ತದೆ. ಅತಿ ತಂಪಿನಿಂದ ದುಡ್ಡೂ ಪೋಲು, ದೇಹಕ್ಕೂ ತ್ರಾಸ. ಸೆನ್ಸರ್ ಮತ್ತು ಸಾಫ್ಟ್‌ವೇರ್ ಆಧಾರಿತ ಸ್ಮಾರ್ಟ್ ವ್ಯವಸ್ಥೆಗಳು ಮೊದಲು ನಿವಾರಿಸಬೇಕಾದದ್ದು ಈ ಅತಿಯನ್ನೇ.

ಈ ಅತಿಗೆ ಕಾರಣ ಯಂತ್ರವಲ್ಲ, ಅದಕ್ಕೆ ನಾವು ಕೊಟ್ಟಿರುವ ಗುರಿ. ಒಳಾಂಗಣದ ಹಿತವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೂತ್ರವನ್ನು ರೂಪಿಸಿದವರು ಡೆನ್ಮಾರ್ಕ್‌ನ ವಿಜ್ಞಾನಿ ಓಲೆ ಫ್ಯಾಂಗರ್. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾದ ಕಚೇರಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆ ಪಡೆದು ನೋಡಿದಾಗ, ಈ ಸೂತ್ರ ಊಹಿಸಿದಷ್ಟು ಸೆಖೆ ಇಲ್ಲಿನವರಿಗೆ ಆಗುವುದಿಲ್ಲವೆಂದು ಕಂಡುಬಂತು. ಊರಿನ ಹವೆಗೆ ಮೈ ಒಗ್ಗಿಕೊಂಡಿರುತ್ತದೆ. ಈ ಅಧ್ಯಯನದಿಂದ ಮೂಡಿದ ಭಾರತೀಯ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸ್ಥಾನ ಪಡೆದಿದೆ. ಫ್ಯಾಂಗರ್ ಸೂತ್ರದಲ್ಲಿ ಪುರುಷರ ದೇಹದ ಶಾಖವನ್ನು ಆಧರಿಸಿದ ಲೆಕ್ಕ ಮಹಿಳೆಯರಿಗೆ ಹೊಂದುವುದಿಲ್ಲವೆಂದು 2015ರಲ್ಲಿ ಪ್ರಕಟವಾದ ಡಚ್ ಸಂಶೋಧನೆಯೊಂದು ತೋರಿಸಿತು. ಹೀಗಿರುವಾಗ ಇಡೀ ಮಹಡಿಯನ್ನು ವರ್ಷವಿಡೀ 21 ಡಿಗ್ರಿಯಲ್ಲಿ ಇಡುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ.

ಸ್ಮಾರ್ಟ್ ವ್ಯವಸ್ಥೆಯ ನಿಜವಾದ ಶಕ್ತಿ ಇರುವುದು ಇಲ್ಲಿ. ಯಾವ ಮೂಲೆಯಲ್ಲಿ ಜನರಿದ್ದಾರೆ, ಯಾವ ಮೀಟಿಂಗ್ ರೂಮ್ ಖಾಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದನ್ನು ಸೆನ್ಸರ್‌ಗಳು ತಿಳಿಸಿದರೆ, ಬೇಕಾದಲ್ಲಿ ಬೇಕಾದಷ್ಟೇ ಗಾಳಿ ಹರಿಸಬಹುದು. ಗಾಳಿ ದೂಡುವ ಫ್ಯಾನಿನ ವೇಗವನ್ನು ಐದನೇ ಒಂದು ಭಾಗ ತಗ್ಗಿಸಿದರೂ ಅದು ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಸಿಯ ತಾಪಮಾನವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ಬೆಂಗಳೂರಿಗಂತೂ ಬೆಳಗಿನ ತಂಪು ಗಾಳಿ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಒಳಗೆ ತಂದು ಕಂಪ್ರೆಸರ್‌ಗೆ ವಿರಾಮ ಕೊಡುವುದನ್ನೂ ಯಂತ್ರಕ್ಕೆ ಕಲಿಸಬಹುದು.

ತಾಪಮಾನ ಏರಿಸಿದರೆ ಕೆಲಸ ಕುಂಟುತ್ತದೆ ಎಂಬ ಆಕ್ಷೇಪವಿದೆ. ಆದರೆ ಹಿತವೆಂಬುದು ಥರ್ಮಾಮೀಟರಿನ ಅಂಕಿಯೊಂದನ್ನೇ ಅವಲಂಬಿಸಿಲ್ಲ. ಗಾಳಿಯ ಚಲನೆ, ತೇವಾಂಶ, ಉಡುಪು ಎಲ್ಲವೂ ಸೇರುತ್ತವೆ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ 26 ಡಿಗ್ರಿಯೂ ಬಹುಪಾಲು ಜನರಿಗೆ ಹಿತವೇ. ಸ್ಮಾರ್ಟ್ ವ್ಯವಸ್ಥೆ ದುಬಾರಿ ಎನ್ನುವ ಸಣ್ಣ ಕಚೇರಿಗಳು ಟೈಮರ್, ಫ್ಯಾನ್, ಕಿಟಕಿಯ ಪರದೆಯಿಂದ ಆರಂಭಿಸಲಿ. ಸೆನ್ಸರ್‌ಗಳು ನೌಕರರ ಮೇಲಿನ ಕಣ್ಗಾವಲಾಗಬಹುದೆಂಬ ಆತಂಕ ಮಾತ್ರ ಗಂಭೀರವಾದದ್ದು. ತಂಪು ಹಂಚಲು ತಲೆ ಎಣಿಸಿದರೆ ಸಾಕು, ಮುಖ ಗುರುತಿಸಬೇಕಿಲ್ಲ. ಆ ಮಾಹಿತಿ ಹಾಜರಾತಿಯ ಲೆಕ್ಕಕ್ಕೆ ಹೋಗದು ಎಂಬ ಲಿಖಿತ ಭರವಸೆ ಕೊಡದೆ ಯಾವ ಕಚೇರಿಯೂ ಸೆನ್ಸರ್ ಅಳವಡಿಸಬಾರದು.

ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ 2020ರ ಜನವರಿಯಿಂದ ಇದೆ. ದೊಡ್ಡ ಕಟ್ಟಡಗಳ ಕೇಂದ್ರೀಕೃತ ಘಟಕಗಳು ಅದರ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ತೀರ್ಮಾನ ಆಡಳಿತದವರದು. ಅವರು ವಿದ್ಯುತ್ ಬಿಲ್ ನೋಡುವಷ್ಟೇ ಶ್ರದ್ಧೆಯಿಂದ, ಚಳಿಯೋ ಸೆಖೆಯೋ ಎಂದು ನೌಕರರನ್ನು ಪ್ರತಿ ಋತುವಿನಲ್ಲೂ ಕೇಳಲಿ, ಆ ಉತ್ತರದಂತೆ ಯಂತ್ರದ ಗುರಿಯನ್ನು ತಿದ್ದಲಿ. ಅಷ್ಟು ಮಾಡದಿದ್ದರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಅದು ಹಳೆಯ ತಪ್ಪನ್ನೇ ಇನ್ನಷ್ಟು ಕರಾರುವಾಕ್ಕಾಗಿ ಮಾಡುತ್ತದೆ.