ನೂರು ನಾಣ್ಯಕ್ಕೆ ಬದಲಾಗುವ ಕಸುಬು

ಕಲ್ಪನಾಲೋಕದ ವಿಡಿಯೋ ಆಟಗಳಲ್ಲಿ ಆಟಗಾರನಿಗೆ ಮೊದಲು ಎದುರಾಗುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ನೀನು ಖಡ್ಗ ಹಿಡಿಯುವವನೋ, ಮಂತ್ರ ಬಲ್ಲವನೋ, ಕಳ್ಳನೋ, ಹಾಡುಗಾರನೋ? ಆಟದ ಭಾಷೆಯಲ್ಲಿ ಇದಕ್ಕೆ ‘ಕ್ಲಾಸ್’ ಎಂದು ಹೆಸರು. ‘ವರ್ಗ’ ಎಂದು ಕನ್ನಡಿಸಿದರೆ ಸರ್ಕಾರಿ ನೌಕರರ ವರ್ಗಾವಣೆ ನೆನಪಾಗುತ್ತದೆ. ‘ಕುಲ’ ಎಂದರೆ ಅರ್ಥವೇ ತಲೆಕೆಳಗಾಗುತ್ತದೆ. ನಾನು ಇದನ್ನು ಕಸುಬು ಎನ್ನುತ್ತೇನೆ. ಕುಲಕಸುಬಲ್ಲ, ಆರಿಸಿಕೊಂಡ ಕಸುಬು. ಒಂದು ಕಸುಬನ್ನು ಕೈಗೆತ್ತಿಕೊಂಡವನು ಉಳಿದವನ್ನು ಕೈಬಿಡಬೇಕಾಗುತ್ತದೆ. ಈ ಕೈಬಿಡುವಿಕೆ ಇಂದು ಆಟ ಕಟ್ಟುವವರಿಗೂ ಬೇಡ, ಆಡುವವರಿಗೂ ಬೇಡ ಎಂಬುದೇ ನನ್ನ ತಕರಾರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಅದರಲ್ಲಿದ್ದ ಕಸುಬುಗಳು ಮೂರೇ: ಕಾದಾಳು, ಮಾಂತ್ರಿಕ, ಧರ್ಮಗುರು. ಹೊಸ ಮಾಂತ್ರಿಕನಿಗೆ ದಕ್ಕುತ್ತಿದ್ದದ್ದು ಒಂದೇ ಒಂದು ಮಂತ್ರ. ಕವಚ ತೊಡುವಂತಿಲ್ಲ, ಆಯುಧವೆಂದರೆ ಬಾಕು ಮಾತ್ರ. ಆ ಮಂತ್ರ ಮುಗಿದ ಮೇಲೆ ಅವನು ಕಾದಾಳುವಿನ ಬೆನ್ನ ಹಿಂದೆ ನಿಲ್ಲಬೇಕು. ಇದನ್ನು ಆಟದ ಲೋಪವೆಂದು ಭಾವಿಸುವವರಿಗೆ ಆಟವೇ ಅರ್ಥವಾಗಿಲ್ಲ. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿದ್ದುದರಿಂದಲೇ ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂಡುತ್ತಿದ್ದರು.

ಕಂಪ್ಯೂಟರ್ ಆಟಗಳಲ್ಲಿ ಈ ಮರ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದದ್ದು ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4’ (1985). ಅಲ್ಲಿ ಕಸುಬುಗಳ ಪಟ್ಟಿಯೇ ಇಲ್ಲ. ನಮ್ಮ ಕೊರವಂಜಿಯನ್ನು ನೆನಪಿಸುವ, ಕಣಿ ಹೇಳುವ ಹೆಂಗಸೊಬ್ಬಳು ಎಲೆಗಳನ್ನು ಹರಡಿ ಏಳು ಧರ್ಮಸಂಕಟಗಳನ್ನು ಮುಂದಿಡುತ್ತಾಳೆ. ಪ್ರತಿ ಸಲವೂ ಎರಡು ಸದ್ಗುಣಗಳ ನಡುವೆ ಒಂದನ್ನು ಆರಿಸಬೇಕು. ಬಿಟ್ಟದ್ದು ಸ್ಪರ್ಧೆಯಿಂದಲೇ ಹೊರಗೆ. ಎಂಟರಲ್ಲಿ ಕೊನೆಗೆ ಉಳಿದ ಗುಣವೇ ಕಸುಬನ್ನು ನಿರ್ಧರಿಸುತ್ತದೆ. ಸತ್ಯಸಂಧತೆ ಉಳಿದರೆ ಮಾಂತ್ರಿಕ, ಕರುಣೆಯಾದರೆ ಹಾಡುಗಾರ, ಶೌರ್ಯವಾದರೆ ಕಾದಾಳು. ವಿನಯವನ್ನು ಆರಿಸಿದವನೋ, ಕುರುಬನಾಗುತ್ತಾನೆ! ಅವನಿಗೆ ಮಂತ್ರಶಕ್ತಿ ಇಲ್ಲ, ಒಳ್ಳೆಯ ಆಯುಧವಿಲ್ಲ. ಅವನ ಊರಾದ ಮ್ಯಾಜಿನ್ಶಿಯ ಅಹಂಕಾರದಿಂದ ಹಾಳುಬಿದ್ದದ್ದು. ವಿನಯಕ್ಕೆ ಬೆಲೆ ತೆರಬೇಕು ಎಂಬುದನ್ನು ಉಪದೇಶವಿಲ್ಲದೆ ಹೇಳುವ ಬಗೆ ಇದು. ಉಳಿದ ಏಳು ಕಸುಬಿನವರನ್ನು ಹುಡುಕಿ ಜೊತೆಗೂಡಿಸಿಕೊಳ್ಳದೆ ಆಟ ಮುಗಿಯುವುದಿಲ್ಲ.

ಈಗ ‘ಸ್ಕೈರಿಮ್’ (2011) ನೋಡಿ. ಅಲ್ಲಿ ಕಸುಬನ್ನೇ ತೆಗೆದುಹಾಕಿದರು. ಏನು ಮಾಡುತ್ತೀಯೋ ಅದರಲ್ಲಿ ಪಳಗುತ್ತೀಯೆ ಎಂಬುದು ಸೂತ್ರ. ಕೇಳಲು ಹಿತವಾಗಿದೆ. ಪರಿಣಾಮವೇನು? ಒಬ್ಬನೇ ಮನುಷ್ಯ ಯೋಧರ ಕೂಟಕ್ಕೆ ನಾಯಕ, ಕಳ್ಳರ ಸಂಘಕ್ಕೆ ಯಜಮಾನ, ವಿಂಟರ್‌ಹೋಲ್ಡ್ ಮಾಂತ್ರಿಕ ವಿದ್ಯಾಲಯಕ್ಕೆ ಮುಖ್ಯಸ್ಥ. ಆ ಕೊನೆಯ ಪದವಿಗೆ ಬೆರಳೆಣಿಕೆಯ ಮಂತ್ರ ಬಲ್ಲವನೂ ಏರಬಹುದು. ಇಂಥ ಕುಲಪತಿಗಳು ನಮಗೆ ಅಪರಿಚಿತರೇನಲ್ಲ, ಆ ಮಾತು ಬೇರೆ.

‘ಬಾಲ್ಡರ್ಸ್ ಗೇಟ್ 3’ (2023) ಹನ್ನೆರಡು ಕಸುಬುಗಳನ್ನು ಮತ್ತೆ ತಂದಿತು, ಸೊಗಸಾಗಿ ತಂದಿತು. ನಾನು ಆ ಆಟದ ಅಭಿಮಾನಿ. ಆದರೆ ವಿದರ್ಸ್ ಎಂಬ ಅಸ್ಥಿಪಂಜರದ ಕೈಗೆ ನೂರು ಚಿನ್ನದ ನಾಣ್ಯ ಇಟ್ಟರೆ ಸಾಕು, ನಿನ್ನೆಯ ಧರ್ಮಯೋಧ ಇಂದು ಮಾಂತ್ರಿಕ. ಹೀಗೆ ಎಷ್ಟು ಸಲ ಬೇಕಾದರೂ. ನೂರು ನಾಣ್ಯ ಆ ಲೋಕದಲ್ಲಿ ದೊಡ್ಡ ಮೊತ್ತವಲ್ಲ.

ಇದರ ಜೊತೆಗೆ ‘ಅತ್ಯುತ್ತಮ ಕಸುಬು ಯಾವುದು’ ಎಂಬ ದರ್ಜೆಪಟ್ಟಿಗಳು. ಯಾವುದು ಹೆಚ್ಚು ಪೆಟ್ಟು ಕೊಡುತ್ತದೆ, ಯಾವುದು ಬೇಗ ಗೆಲ್ಲುತ್ತದೆ ಎಂಬುದಷ್ಟೇ ಅವುಗಳ ಲೆಕ್ಕ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಸೈನ್ಸೋ ಕಾಮರ್ಸೋ ಎಂದು ಕೇಳುವ ಮೊದಲೇ ಉತ್ತರ ಹೇಳುವ ನೆಂಟರ ಧಾಟಿ ಇದು. ಬದುಕಿನಲ್ಲಿ ಹೊಟ್ಟೆಪಾಡಿನ ನೆಪವಾದರೂ ಇದೆ. ಆಟದಲ್ಲಿಯೂ ಲಾಭದ ದಾರಿಯನ್ನೇ ಕೇಳಿ ನಡೆಯುವುದಾದರೆ ಆಡುವುದಾದರೂ ಏಕೆ?

ಏನೂ ಅರಿಯದವನನ್ನು ಬಾಗಿಲಲ್ಲೇ ತಡೆದು ‘ಆರಿಸು’ ಎನ್ನುವುದು ಅನ್ಯಾಯ ಎಂಬ ಆಕ್ಷೇಪವಿದೆ. ದಿನದ ಕೆಲಸ ಮುಗಿಸಿ ಒಂದು ಗಂಟೆ ಆಡುವವನಿಗೆ ನಲವತ್ತು ಗಂಟೆಗಳ ಬಳಿಕ ಆಯ್ಕೆ ಸರಿಹೋಗಲಿಲ್ಲವೆಂದರೆ ಸಿಟ್ಟು ಬರುವುದು ಸಹಜ. ಒಪ್ಪುತ್ತೇನೆ. ಆದರೆ ಇದಕ್ಕೆ ಪರಿಹಾರ 2006ರ ‘ಆಬ್ಲಿವಿಯನ್’ನಲ್ಲೇ ಇತ್ತು. ಸೆರೆಮನೆಯಿಂದ ತಪ್ಪಿಸಿಕೊಂಡು ಸುರಂಗಗಳಲ್ಲಿ ಕಾದಾಡಿದ ಮೇಲಷ್ಟೇ ಅಲ್ಲಿ ಕಸುಬಿನ ಪ್ರಶ್ನೆ. ಚರಂಡಿಯ ಕೊನೆಯ ಬಾಗಿಲಲ್ಲಿ ಬದಲಿಸಿಕೊಳ್ಳಲು ಇನ್ನೊಂದು ಅವಕಾಶ. ವಿದರ್ಸ್ ಕೂಡ ಮೊದಲ ಅಂಕ ಮುಗಿಯುವವರೆಗೆ ಅಂಗಡಿ ತೆರೆದಿರಲಿ. ಅನಂತರ ಬಾಗಿಲು ಹಾಕಿಕೊಳ್ಳಲಿ.