ವೇಗಕ್ಕೂ ಒಂದು ಹಾಲ್‌ಮಾರ್ಕ್ ಬೇಡವೇ?

ಎಂಟು ವರ್ಷಗಳಿಂದ ನನ್ನ ಬರವಣಿಗೆಗೆ ಆಸರೆಯಾಗಿದ್ದ ಲ್ಯಾಪ್‌ಟಾಪ್ ಕಳೆದ ವರ್ಷ ಏದುಸಿರು ಬಿಡತೊಡಗಿತು. ಗುಂಡಿ ಒತ್ತಿ, ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಅದೇ ತಿರುಗುವ ಚಕ್ರ. ದುರಸ್ತಿಗೆ ಒಯ್ದಾಗ ಅಂಗಡಿಯ ಹುಡುಗ ಅದನ್ನು ಬಿಚ್ಚಿಯೂ ನೋಡದೆ, ‘ಇದರ ಕಾಲ ಮುಗೀತು ಸಾರ್, ಹೊಸದು ತಗೊಂಡುಬಿಡಿ’ ಎಂದ. ಮನಸ್ಸೊಪ್ಪದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿನ ಸಣ್ಣ ಅಂಗಡಿಯೊಂದರ ಹಿರಿಯರು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಆ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದರು. ಅದೇ ಯಂತ್ರ ಈಗ ಅರ್ಧ ನಿಮಿಷದೊಳಗೆ ಎಚ್ಚರಗೊಳ್ಳುತ್ತದೆ.

ಆದರೆ ಆ ಪುಟ್ಟ ಬಿಡಿಭಾಗವನ್ನು ಆರಿಸುವಾಗ ಪಟ್ಟ ಗೊಂದಲವನ್ನು ನಾನಿನ್ನೂ ಮರೆತಿಲ್ಲ. ಒಂದು ಡಬ್ಬಿಯ ಮೇಲೆ ಸೆಕೆಂಡಿಗೆ 550 ಮೆಗಾಬೈಟ್ ಎಂದಿದ್ದರೆ, ಇನ್ನೊಂದರ ಮೇಲೆ 3,500, ಮತ್ತೊಂದರ ಮೇಲೆ 7,000. ಇತ್ತೀಚಿನ ಮಾದರಿಗಳು 14,000ವನ್ನೂ ದಾಟಿವೆ. ಅಂಕಿ ದೊಡ್ಡದಾದಷ್ಟೂ ಬೆಲೆಯೂ ದೊಡ್ಡದು. ಹಾಗಾದರೆ ಹೆಚ್ಚು ಹಣ ತೆತ್ತವನಿಗೆ ಅಷ್ಟೇ ಹೆಚ್ಚು ವೇಗ ದಕ್ಕುತ್ತದೆಯೇ? ಇಲ್ಲ ಎಂಬುದೇ ನಿಜವಾದ ಉತ್ತರ. ಈ ಉತ್ತರವನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯಿದೆ, ಅದರ ಮೇಲೆ ಅತ್ತಿತ್ತ ಓಡಾಡುವ ಮುಳ್ಳಿದೆ. ಕೇಳಿದ ಮಾಹಿತಿ ಇರುವ ಜಾಗಕ್ಕೆ ಮುಳ್ಳು ಹೋಗಬೇಕು, ತಟ್ಟೆ ತಿರುಗಿ ಅಲ್ಲಿಗೆ ಬರಬೇಕು. ಹೀಗಾಗಿ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಹೆಕ್ಕಬಲ್ಲದು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಾರು ತುಣುಕುಗಳನ್ನು ಹೆಕ್ಕುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ, ತಂತ್ರಾಂಶಗಳು ತೆರೆದುಕೊಳ್ಳುವಾಗ ನಡೆಯುವುದು ಬಹುಪಾಲು ಇಂಥ ಹೆಕ್ಕುವ ಕೆಲಸವೇ. ಡಬ್ಬಿಯ ಮೇಲಿನ ಅಂಕಿಯಾದರೋ ಒಂದೇ ದೊಡ್ಡ ಕಡತವನ್ನು ಒಂದೇ ಉಸಿರಿಗೆ ಓದುವ ವೇಗ. ಸಣ್ಣ ತುಣುಕುಗಳನ್ನು ಒಂದೊಂದಾಗಿ ಓದುವ ಪರೀಕ್ಷೆಯಲ್ಲಿ ಸಾಮಾನ್ಯ ಸಾಟಾ ಎಸ್‌ಎಸ್‌ಡಿಗೂ ದುಬಾರಿ ಎನ್‌ವಿಎಂಇಗೂ ಇರುವ ಅಂತರ ಸುಮಾರು ಎರಡು ಪಟ್ಟು, ಹೆಚ್ಚೆಂದರೆ ಮೂರು ಪಟ್ಟು. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಜಿಗಿದಾಗ ಸಿಗುವ ಲಾಭವಾದರೋ ನೂರು ಪಟ್ಟಿನದು. ಮೊದಲ ಜಿಗಿತಕ್ಕೆ ಕೊಟ್ಟ ಹಣ ಸಾರ್ಥಕ. ಅದರಾಚೆಗೆ ಕೊಡುವ ಹಣವನ್ನು ಲೆಕ್ಕ ಹಾಕಿಯೇ ಕೊಡಬೇಕು.

ಯಂತ್ರದ ಯೋಗ್ಯತೆಯನ್ನೂ ನೋಡಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಜಾಗವಷ್ಟೇ ಇರುತ್ತದೆ. ಎಂ.2 ಕಿಂಡಿಯಿದ್ದರೂ ಅದು ಸಾಟಾ ಮಾದರಿಯದೋ ಎನ್‌ವಿಎಂಇ ಮಾದರಿಯದೋ ಎಂದು ತಿಳಿದುಕೊಳ್ಳಬೇಕು. ಮೂರನೆಯ ಪೀಳಿಗೆಯ ಪಿಸಿಐಇ ಕಿಂಡಿಗೆ 7,000ದ ಎಸ್‌ಎಸ್‌ಡಿ ತೊಡಿಸಿದರೆ ಅದು 3,500ರ ಆಸುಪಾಸಿನಲ್ಲಿಯೇ ಓಡುತ್ತದೆ. ಓಣಿ ಇದ್ದಷ್ಟೇ ಅಗಲ, ಗಾಡಿ ಎಷ್ಟು ದೊಡ್ಡದಾದರೇನು?

ಇನ್ನು ಗುಣಮಟ್ಟದ ಮಾತು. ಈ ಸಾಧನದ ಜೀವಾಳವಾದ ನ್ಯಾಂಡ್ ಫ್ಲ್ಯಾಶ್ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ 1987ರಲ್ಲಿ ಲೋಕಕ್ಕೆ ಪರಿಚಯಿಸಿದರು. ಒಂದೊಂದು ಕೋಶದಲ್ಲಿ ಒಂದೊಂದೇ ಬಿಟ್ ಇಡುವುದು ಮೂಲ ಕ್ರಮ. ಅಗ್ಗವಾಗಿಸುವ ಯತ್ನದಲ್ಲಿ ಟಿಎಲ್‌ಸಿ ಎಂಬ ಬಗೆಯಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಎಂಬ ಬಗೆಯಲ್ಲಿ ನಾಲ್ಕು ಬಿಟ್ ತುರುಕಲಾಗುತ್ತದೆ. ನಾಲ್ಕು ಬಿಟ್ ಎಂದರೆ ಒಂದೇ ಕೋಶದಲ್ಲಿ 16 ವಿದ್ಯುತ್ ಮಟ್ಟಗಳನ್ನು ಗುರುತಿಸಬೇಕು. ಬರೆಯುವ ಕೆಲಸ ಸಹಜವಾಗಿಯೇ ನಿಧಾನ. ಇದನ್ನು ಮರೆಮಾಚಲು ಒಂದಷ್ಟು ಜಾಗವನ್ನು ತಾತ್ಕಾಲಿಕವಾಗಿ ಒಂದೇ ಬಿಟ್‌ನ ಕೋಶಗಳಂತೆ ಬಳಸಲಾಗುತ್ತದೆ. ಆ ಜಾಗ ತುಂಬುವವರೆಗೆ ಕುದುರೆಯ ಓಟ, ತುಂಬಿದ ಮೇಲೆ ಎಮ್ಮೆಯ ನಡಿಗೆ. ಕೆಲವು ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗಳು ಆಗ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗಿಬಿಡುತ್ತವೆ.

ಹಾಗೆಂದು ಕ್ಯೂಎಲ್‌ಸಿ ತ್ಯಾಜ್ಯವೇನೂ ಅಲ್ಲ. ಒಂದು ಟೆರಾಬೈಟ್‌ನ ಟಿಎಲ್‌ಸಿಗೆ ಸುಮಾರು 600 ಟೆರಾಬೈಟ್ ಬರೆಯುವಷ್ಟು, ಕ್ಯೂಎಲ್‌ಸಿಗೆ 200ರ ಆಸುಪಾಸು ಬಾಳಿಕೆಯ ಖಾತರಿ ಕೊಡುವುದು ವಾಡಿಕೆ. ದಿನಕ್ಕೆ 20 ಗಿಗಾಬೈಟ್ ಬರೆದರೂ ವರ್ಷಕ್ಕೆ ಆಗುವುದು 7.3 ಟೆರಾಬೈಟ್. ಅಂದರೆ 200ರ ಮಿತಿ ಮುಟ್ಟಲು 27 ವರ್ಷ ಬೇಕು. ಪತ್ರ, ಲೆಕ್ಕಪತ್ರ, ಮಕ್ಕಳ ಪಾಠ, ಸಿನಿಮಾ ಇವಿಷ್ಟೇ ಕೆಲಸವಿರುವ ಮನೆಗೆ ಅದು ಸಾಕು. ವಿಡಿಯೊ ಸಂಕಲನ ಮಾಡುವವರಿಗೆ ಟಿಎಲ್‌ಸಿಯೇ ಲೇಸು. ಬೆಲೆಯನ್ನು ಗಿಗಾಬೈಟ್‌ಗಳಿಂದ ಭಾಗಿಸಿ ಹೋಲಿಸಬೇಕು, ಖಾತರಿಯ ಅವಧಿ ನೋಡಬೇಕು, ರಸೀದಿ ಕೇಳಿ ಪಡೆಯಬೇಕು. 16 ಟೆರಾಬೈಟ್‌ನದು ಎರಡು ಸಾವಿರ ರೂಪಾಯಿಗೆ ಎಂಬ ಜಾಹೀರಾತು ಕಂಡರೆ ಅದು ಮೋಸವೆಂದೇ ತಿಳಿಯಬೇಕು.

ಇಷ್ಟೆಲ್ಲ ವಿವೇಚಿಸಬೇಕಾದರೆ ಒಳಗಿರುವುದು ಏನೆಂದು ಗ್ರಾಹಕನಿಗೆ ಗೊತ್ತಿರಬೇಕಲ್ಲವೇ? ನನ್ನ ತಕರಾರಿರುವುದು ಇಲ್ಲಿಯೇ. ಹಲವು ಡಬ್ಬಿಗಳ ಮೇಲೆ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬ ಒಂದು ಪದವೂ ಇರುವುದಿಲ್ಲ. ಪ್ರತಿಷ್ಠಿತ ತಯಾರಕರು ಕೂಡ ಮಾದರಿಯ ಹೆಸರು ಬದಲಿಸದೆ ಒಳಗಿನ ಚಿಪ್ಪುಗಳನ್ನು ಬದಲಿಸಿದ್ದು 2021ರಲ್ಲಿ ಬಯಲಾಗಿತ್ತು. ಪರೀಕ್ಷಕರು ಮೆಚ್ಚಿ ಬರೆದ ವಸ್ತು ಒಂದು, ಆ ಬರಹವನ್ನು ನಂಬಿ ಕೊಂಡವರಿಗೆ ಸಿಕ್ಕಿದ್ದು ಇನ್ನೊಂದು. 2023ರಲ್ಲಿ ಕುಸಿದಿದ್ದ ಫ್ಲ್ಯಾಶ್ ಬೆಲೆ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ 2025ರ ಕೊನೆಯಲ್ಲಿ ಏರತೊಡಗಿತು. ಬೆಲೆ ಏರಿದಾಗ ಒಳಗಿನ ಸರಕನ್ನು ಇಳಿಸುವ ಆಮಿಷವೂ ಏರುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ ಮತ್ತು ಬೆಲೆಯ ಬಗ್ಗೆ ತಿಳಿಯುವುದನ್ನು ಗ್ರಾಹಕನ ಹಕ್ಕೆಂದೇ ಸಾರಿದೆ. ಫ್ರಿಜ್ ಕೊಳ್ಳುವಾಗ ನಾವು ನಕ್ಷತ್ರಗಳನ್ನು ಎಣಿಸುತ್ತೇವೆ. ಆ ನಕ್ಷತ್ರಪಟ್ಟಿ 2006ರಿಂದ ನಮ್ಮಲ್ಲಿದೆ. ಚಿನ್ನದಂಗಡಿಯಲ್ಲಿ ಹಾಲ್‌ಮಾರ್ಕ್ ನೋಡದೆ ಸರ ಮುಟ್ಟುವುದಿಲ್ಲ. ಎಸ್‌ಎಸ್‌ಡಿಗೂ ಅಂಥದೊಂದು ಪಟ್ಟಿ ಏಕಿರಬಾರದು? ಕೋಶದ ಬಗೆ, ತಾತ್ಕಾಲಿಕ ಜಾಗ ತುಂಬಿದ ಮೇಲಿನ ಬರೆಯುವ ವೇಗ, ಸಣ್ಣ ತುಣುಕುಗಳನ್ನು ಓದುವ ವೇಗ, ಬಾಳಿಕೆ ಈ ನಾಲ್ಕು ಸಾಲುಗಳು ಕಡ್ಡಾಯವಾಗಲಿ. ಒಳಗಿನ ಭಾಗ ಬದಲಾದರೆ ಹೆಸರೂ ಬದಲಾಗಲಿ. ಇದೆಲ್ಲ ತಾಂತ್ರಿಕ ವಿವರ, ಸಾಮಾನ್ಯರಿಗೇಕೆ ಎನ್ನುವವರಿದ್ದಾರೆ. ಕ್ಯಾರೆಟ್ ಎಂದರೇನೆಂದು ನಮ್ಮ ಅಜ್ಜಿಯರಿಗೆ ಯಾವ ಕಾಲೇಜಿನಲ್ಲಿ ಕಲಿಸಿದ್ದರು?

ಎಸ್‌ಎಸ್‌ಡಿ ಸರ್ವರೋಗಕ್ಕೂ ಮದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಯಂತ್ರಗಳು ಲಿನಕ್ಸ್‌ನಂಥ ಬೇರೆ ದಾರಿ ಹಿಡಿಯಬೇಕಾಗಬಹುದು. ವರ್ಷಗಟ್ಟಲೆ ವಿದ್ಯುತ್ ಕಾಣದೆ ಬೀರುವಿನಲ್ಲಿಟ್ಟ ಎಸ್‌ಎಸ್‌ಡಿಯಲ್ಲಿನ ಮಾಹಿತಿ ಮಾಸಿಹೋಗುವ ಅಪಾಯವೂ ಉಂಟು. ಮದುವೆಯ ಚಿತ್ರಗಳಿಗೆ ಇನ್ನೊಂದು ಪ್ರತಿ ಇರಲೇಬೇಕು.

ಆದರೂ ಒಂದು ಬಿಡಿಭಾಗ ಬದಲಿಸಿದರೆ ಸಾಕಾಗುವ ಕಡೆ ಇಡೀ ಯಂತ್ರವನ್ನೇ ಗುಜರಿಗೆ ಹಾಕುವುದು ಮಧ್ಯಮ ವರ್ಗದ ಕಿಸೆಗೂ ನೆಲಕ್ಕೂ ಭಾರವೇ. ನನ್ನ ಲ್ಯಾಪ್‌ಟಾಪನ್ನು ಉಳಿಸಿದ್ದು ಅದನ್ನು ಬಿಚ್ಚಿ ನೋಡುವ ತಾಳ್ಮೆಯಿದ್ದ ಒಬ್ಬ ಹಿರಿಯರು. ಅಂಥವರು ಸಿಗದ ಊರಿನ ಗ್ರಾಹಕನಿಗೆ ಡಬ್ಬಿಯಾದರೂ ನಿಜ ಹೇಳಲಿ.